ಯು, ಎನ್

ಆಷಾಢದ ಗಾಳಿಗೆ ಲಗ್ಗೆರೆಯ ಮುದ್ದೆ ಮೆಸ್ಸಿನ ಬೋರ್ಡಿನಿಂದ
ಎರಡಕ್ಷರ ಉದುರಿದವು.
ಅನ್‌ಲಿಮಿಟೆಡ್ ಇದ್ದದ್ದು ಲಿಮಿಟೆಡ್ ಆಯಿತು.
ಮುದ್ದೆ ಅಷ್ಟೇ, ಸಾರು ಅಷ್ಟೇ, ಬಡಿಸುವ ಕೈಯೂ ಅದೇ;
ಆದರೂ ಮೂರು ದಿನ ಆಟೋದವರು
ತಲೆ ಎತ್ತಿ ಓದಿ, ಗೇರು ಬದಲಿಸಿ ಹೋದರಂತೆ.
ಮರಿಗೌಡರ ಫೋನು:
"ಬಂದು ಅಂಟಿಸಯ್ಯಾ, ನನ್ನ ಅನ್ ಬಿದ್ದೋಗಿದೆ."

ಅಕ್ಷರಕ್ಕಿಷ್ಟು ಅಂತ ನಮ್ಮ ರೇಟು.
ಅಕ್ರಿಲಿಕ್, ಆರಿಂಚಿಗೆ ತೊಂಬತ್ತು, ಒಂಬತ್ತಿಂಚಿಗೆ ನೂರಾ ನಲವತ್ತು.
ಹದಿನೆಂಟು ವರ್ಷದಿಂದ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ
ಇಂಗ್ಲಿಷನ್ನು ಕೊಯ್ಯುತ್ತೇನೆ, ಉಜ್ಜುತ್ತೇನೆ, ಏಣಿ ಹತ್ತಿಸುತ್ತೇನೆ.
ಓದಲು ಬರುವುದು ಕಡಿಮೆ.
ಎಣಿಸಲು ಬರುತ್ತದೆ:
ಟೈಲರು ಟೈಲರಿಂಗ್ ಆದರೆ ಮೂರಕ್ಷರ ಲಾಭ,
ಫಿಟ್ ಅನ್ನೋ ಜಿಮ್ಮು ಫಿಟ್‌ನೆಸ್ ಆದರೆ ನಾಲ್ಕು.
ಕರ್ತನೇ, ಎಲ್ಲ ಮಾತಿಗೂ ಬಾಲ ಬರಲಿ
ಅಂತ ಬೇಡಿಕೊಂಡವನು ನಾನು.

ಶೀಬಾ ಎಂಟನೇ ಕ್ಲಾಸು.
ಹೊಸದಾಗಿ ಕೊಯ್ದ ಕೆಂಪು ಅಕ್ಷರ ಎರಡನ್ನೂ
ರಾತ್ರಿ ನನ್ನ ಚೀಲದಿಂದ ತೆಗೆದು ನೆಲಕ್ಕಿಟ್ಟಳು.
"ಅಪ್ಪಾ, ಇದು ಬಾಲ ಅಲ್ಲ, ತಲೆ.
ಹ್ಯಾಪಿ ಮುಂದಿಟ್ಟರೆ ಅಳು.
ಲಾಕ್ ಮುಂದಿಟ್ಟರೆ ಬಾಗಿಲು ತೆರೆಯುತ್ತೆ."
ಆಮೇಲೆ ನನ್ನ ಬಿಲ್ಲು ಪುಸ್ತಕ ಎಳೆದುಕೊಂಡು
'ಪೇಡ್' ಅನ್ನೋ ಸೀಲಿನ ಮುಂದೆ ಜೋಡಿಸಿ ನಕ್ಕಳು.
ನಾನು ನಗಲಿಲ್ಲ.

ಅವರ ಭಾಷೆ ಹೊಸಿಲಲ್ಲೇ ಇಲ್ಲ ಅಂದುಬಿಡುತ್ತದೆ,
ಚಪ್ಪಲಿ ಬಿಡುವ ಮೊದಲೇ.
ನಮ್ಮದು ಹಾಗಲ್ಲ.
ಈ ಮಾತಲ್ಲೇ ನೋಡಿ, ಅಲ್ಲ ಅನ್ನೋದು ಕೊನೆಗೆ ಬಂತು.
ಒಳಗೆ ಕರೆದು, ನೀರು ಕೊಟ್ಟು, ಕೂರಿಸಿ,
ತುದಿ ತನಕ ಆಸೆಯನ್ನು ಕಾಯಿಸಿ ಇಡುತ್ತದೆ.
ಇದು ಮರ್ಯಾದೆಯೋ ಹಿಂಸೆಯೋ
ಹೇಳಲಾರೆ.

ಬೆಳಿಗ್ಗೆ ಏಣಿಯ ಮೇಲೆ ನಾನು.
ಗಮ್ಮು ಹಿಡಿಯುವವರೆಗೆ ಅಕ್ಷರವನ್ನು
ಅಂಗೈಯಲ್ಲಿ ಒತ್ತಿ ನಿಲ್ಲಬೇಕು, ಇನ್ನೂರು ಎಣಿಸುವಷ್ಟು ಹೊತ್ತು.
ಕೆಳಗೆ ಮರಿಗೌಡರು, ಹಲ್ಲಲ್ಲಿ ಕಡ್ಡಿ.
ಯುಗಾದಿಯಿಂದ ನಿಂತ ಬೋರ್ಡಿನ ಬಾಕಿ ಕೇಳಿದೆ.
"ನಿನ್ನ ದುಡ್ಡು ತಾನೇ? ಕೊಡ..." ಅಂದರು,
ಅಷ್ಟರಲ್ಲಿ ಬಸ್ಸೊಂದು ಹಾರನ್ನು ಹೊಡೆದು
ಉಳಿದದ್ದನ್ನು ತಿಂದುಕೊಂಡು ಹೋಯಿತು.
ಕೊಡಬೇಕು, ಕೊಡಲ್ಲ, ಕೊಡದೆ ಎಲ್ಲಿ ಹೋಗ್ತೀನಿ:
ಎಲ್ಲಕ್ಕೂ ತಲೆ ಒಂದೇ.
ನೂರಾ ಎಪ್ಪತ್ತೊಂದು, ನೂರಾ ಎಪ್ಪತ್ತೆರಡು.
ಕೈ ಯು ಮೇಲೆ, ಇನ್ನೊಂದು ಎನ್ ಮೇಲೆ,
ಕಿವಿಯನ್ನಷ್ಟೇ ಕೆಳಗಿಳಿಸಿ
ಬಾಲಕ್ಕೆ ಕಾಯುತ್ತಿದ್ದೇನೆ.