ಬಾಚಿದ ಮೇಲೆ

ಮೇ ತಿಂಗಳ ಒಂಬತ್ತನೆಯ ದಿನ.
ಒಲೆಯ ಕೊಳವೆಯ ಮಸಿ ತೆಗೆದು ತೊಳೆದಿದ್ದೆ.
ಗುಡಾರದ ಹೊರಗಂಬಳಿ ಒಂದು ಸುತ್ತು ಬಿಚ್ಚಿ
ಪೆಟ್ಟಿಗೆಯ ಮೇಲೆ ಮಡಚಿಟ್ಟಿದ್ದೆ.
ದಾಮ್ದಿನ್ ತನ್ನ ಚಳಿಗಾಲದ ಜೋಡು ಮಾರಿ
ಮೋಟಾರ್ ಸೈಕಲ್ಲಿಗೊಂದು ಟೈರು ತಂದಿದ್ದ.
ಬಂಡೆಗಳ ಬುಡದಲ್ಲಿ ಹುಲ್ಲು
ಉಗುರಿನಷ್ಟು ಎದ್ದಿತ್ತು.

ಇನ್ನೇನು ಬೇಕು ನಂಬುವುದಕ್ಕೆ?

ಮೂರು ವಾರ ಕೂತು ಬಾಚಿದ್ದೆವು,
ಕಾಲು ಕಟ್ಟಿ, ಮಗ್ಗುಲಿಗೆ ಕೆಡವಿ,
ಕಬ್ಬಿಣದ ಬಾಗುಹಲ್ಲಿನ ಬಾಚಣಿಗೆಯಲ್ಲಿ
ಕುತ್ತಿಗೆಯಿಂದ ಸೊಂಟಕ್ಕೆ, ಸೊಂಟದಿಂದ ಹೊಟ್ಟೆಗೆ.
ಕೈಗೆ ಬಂದರೂ ಬಂದಂತೆ ತೋರದ ಒಳತುಪ್ಪಳ.
ಇನ್ನೂರ ಹದಿನಾಲ್ಕು ಆಡು.
ಬಯನ್‌ಹೊಂಗೋರಿನ ವ್ಯಾಪಾರಿ ಬಂದ, ತೂಗಿದ,
ಬೆರಳಿಗೆ ಉಗುಳು ಹಚ್ಚಿ ನೋಟು ಎಣಿಸಿದ,
ಹೊರಡುವಾಗ ಆಕಾಶ ನೋಡಿ
ಈ ಸಲ ಒಳ್ಳೆಯ ವಸಂತ, ಅಂದ.

ಸೀಳುಗೊಂಬಿ,
ನಿನ್ನನ್ನು ಬಾಚಿದ್ದು ನಾನೇ, ಕೊನೆಯ ದಿನ.
ನೀನು ಒದ್ದೆ. ನಾನು ಬೈದೆ.
ಎದ್ದು ಮೈ ಕೊಡವಿ ಒಂದು ಗಳಿಗೆ ನನ್ನನ್ನು ನೋಡಿದೆ
ಸಾಲ ಕೊಟ್ಟವರು ನೋಡುವ ಹಾಗೆ.

ಮಧ್ಯಾಹ್ನ ಗಾಳಿ ನಿಂತಿತು.
ನಾಯಿ ಕರೆಯದೆ ಒಳಗೆ ಬಂತು,
ಬೈಸಿಕೊಳ್ಳಲು ಸಿದ್ಧವಾಗಿಯೇ.
ಮೊದಲು ಬಿದ್ದದ್ದು ಹಿಮವಲ್ಲ, ಮಳೆ.
ಅದೇ ಕೆಟ್ಟದ್ದು. ಚರ್ಮದವರೆಗೂ ನೆನೆಸಿತು.
ಆಮೇಲೆ ಬಂತು ಹಿಮ, ಅಡ್ಡಡ್ಡ,
ಬಡಗಣ ಗುಡ್ಡ ಒರೆಸಿ, ಬಾವಿ ಒರೆಸಿ,
ಆಡು ಕಟ್ಟುವ ಹಗ್ಗ ಒರೆಸಿ,
ಕೊನೆಗೆ ಚಾಚಿದ ನನ್ನ ಕೈಯನ್ನೇ ಒರೆಸಿತು.

ಹೊದಿಸಲು ಏನೇನಿತ್ತೋ ಎಲ್ಲ ತೆಗೆದೆವು.
ಮಡಚಿಟ್ಟ ಕಂಬಳಿಗೆ ಕತ್ತರಿ ಹಾಕಿದೆವು.
ಖುಲಾನಳ ಶಾಲೆಯ ಕೋಟು ಒಂದಕ್ಕೆ,
ತೋಳಿನಲ್ಲಿ ಮುಂಗಾಲು ತೂರಿಸಿ
ನನ್ನ ಮದುವೆಯ ನಿಲುವಂಗಿ ಇನ್ನೊಂದಕ್ಕೆ,
ಮಾವನ ಸೈನ್ಯದ ಕೋಟು, ಪದಕ ಚುಚ್ಚಿದ ತೂತುಗಳ ಸಹಿತ,
ಹಿಟ್ಟಿನ ಚೀಲಗಳು, ಮತ್ತೆ
ಕಿಟಕಿಯೇ ಇಲ್ಲದ ನಮ್ಮ ಗುಡಾರಕ್ಕೆ
ಪೇಟೆಯ ನಾದಿನಿ ಉಡುಗೊರೆ ಕೊಟ್ಟ ಹೂವಿನ ಪರದೆ.
ದಾಮ್ದಿನ್ ನಕ್ಕ. ನಾನೂ.
ಹಲ್ಲು ಕಟಕಟ ಅನ್ನುವಾಗ
ನಗುವೋ ಮತ್ತೊಂದೋ ತಿಳಿಯುವುದಿಲ್ಲ.

ಪೆಟ್ಟಿಗೆಯ ಹಿಂದೆ ಒಂದು ಚೀಲವಿತ್ತು, ನಾಲ್ಕು ಕಿಲೋ.
ಜೂನಿನಲ್ಲಿ ದರ ಏರುತ್ತದೆಂದು
ಅವನಿಗೂ ಹೇಳದೆ ಬಚ್ಚಿಟ್ಟದ್ದು.
ನಡುರಾತ್ರಿ ಅದರ ಬಾಯಿ ಬಿಚ್ಚಿದೆ.
ಅವನು ನೋಡಿದ; ಕೇಳಲಿಲ್ಲ.
ಹಿಡಿ ಹಿಡಿ ತೆಗೆದು, ಆ ದಿನ ಹುಟ್ಟಿದ ಮರಿಗಳ
ಎದೆಗೊತ್ತಿ ದಾರ ಸುತ್ತಿದೆವು.
ತಾಯಂದಿರದ್ದು ಮರಿಗಳಿಗೆ.
ಯಾವ ದೇಶದ ಯಾವ ಹೆಂಗಸಿನ
ಶಾಲಾಗಬೇಕಿತ್ತೋ.

ಮೂರನೆಯ ಬೆಳಗ್ಗೆ ಬಾಗಿಲು ಜಗ್ಗಲಿಲ್ಲ.
ಹೊಗೆಕಿಂಡಿಯಿಂದ ಖುಲಾನಳನ್ನು ಹತ್ತಿಸಿ
ಹಿಂದೆಯೇ ಸಲಿಕೆ ಎಸೆದೆವು.
ಹೊರಗೆ ಬಿಸಿಲು.
ತನಗೇನೂ ಗೊತ್ತೇ ಇಲ್ಲವೆಂಬ ಮುಖದ ಬಿಸಿಲು.

ಎಣಿಸಿದೆವು. ಅರವತ್ತೆರಡು ಏಳಲಿಲ್ಲ.
ಮದುವೆಯ ನಿಲುವಂಗಿ ಎದ್ದಿತು.
ಸೈನ್ಯದ ಕೋಟು ಏಳಲಿಲ್ಲ.

ಸೀಳುಗೊಂಬಿ,
ನಿನ್ನ ಸರದಿ ಬರುವಾಗ ಬಟ್ಟೆ ಮುಗಿದಿತ್ತು.
ಗಾಳಿಗೆ ಬೆನ್ನು ಕೊಟ್ಟು ನೀನು ನಿಂತೇ ಇದ್ದೆ.
ಮುಟ್ಟುವವರೆಗೂ
ಬದುಕಿದ್ದೀಯೆಂದೇ ತಿಳಿದಿದ್ದೆ.
ಬೆನ್ನ ಮೇಲೆ ನನ್ನ ಬಾಚಣಿಗೆಯ ಗೆರೆಗಳು,
ಗೆರೆಗಳ ಒಳಗೆ ನೇರ ಸಾಲಾಗಿ ಹಿಮ,
ಬಿತ್ತಿದ ಹಾಗೆ.

ನಾಲ್ಕೇ ದಿನ. ಕರಗಿ ಹರಿದು ಹೋಯಿತು.
ಅದೇ ವ್ಯಾಪಾರಿ ಬಂದ, ಈಗ ಚರ್ಮಕ್ಕೆ.
ಆಕಾಶ ನೋಡಲಿಲ್ಲ.

ಮುಂದಿನ ವರ್ಷ ಯಾವಾಗ ಬಾಚುವುದು?
ಸಲಿಕೆಗೆ ಆತು ಖುಲಾನ್ ಕೇಳಿದಳು.
ಹುಲ್ಲು ಹೇಳಿದ ಮೇಲೆ, ಅಂದೆ.
ಈ ಸಲವೂ ಹೇಳಿತ್ತಲ್ಲ, ಅಂದಳು.

ಅವಳ ಹಿಂದೆ, ಬಿಸಿಲಲ್ಲಿ,
ಪರದೆ ಹೊದ್ದ ಆಡು
ಕತ್ತು ತಿರುಗಿಸಿ ತನ್ನ ಬೆನ್ನ ಮೇಲಿನ
ಹೂವೊಂದನ್ನು ಅಗಿಯುತ್ತಿತ್ತು.