ನಾಳೆ ಬಾ

ರಾತ್ರಿ ಹತ್ತು ನಲವತ್ತೆರಡಕ್ಕೆ ಹರಾಜು ಮುಗಿಯಿತು.
ಆರುನೂರ ಅರವತ್ತು ರೂಪಾಯಿ.
ಮೊಬೈಲ್ ರಿಪೇರಿಯ ಅಲ್ತಾಫ ನನ್ನ ಪರವಾಗಿ ಬೆರಳೊತ್ತಿದ
ಕೊನೆಯ ಎಂಟು ಸೆಕೆಂಡಿನಲ್ಲಿ,
ಯಾರೋ ಕೊಲ್ಹಾಪುರದವನನ್ನು ಐದು ರೂಪಾಯಿಗೆ ಕೆಡವಿ.
ಪರದೆಯ ತುಂಬ ಬಣ್ಣದ ಚೂರು ಉದುರಿದವು: ನೀವು ಗೆದ್ದಿರಿ.
ಐವತ್ತೆಂಟು ವರ್ಷಕ್ಕೆ ನಾನು ಗೆದ್ದದ್ದು
ಕಿರುಬೆರಳುದ್ದದ ಒಂದು ಉಕ್ಕಿನ ಶಟಲ್.

ದೋಣಿಯ ಆಕಾರ ಅದಕ್ಕೆ. ಮೂತಿ ಚೂಪು,
ಹೊಟ್ಟೆಯಲ್ಲಿ ದಾರ,
ಬಟ್ಟೆಯ ಅಡಿಗೆ ಯಾರಿಗೂ ಕಾಣದೆ ಹೋಗಿಬರುವುದೇ ಕೆಲಸ.
ನನ್ನ ಮಷಿನ್ನಿನದು ಚೌತಿಯ ವಾರ ಮೂತಿ ಮುರಿದುಕೊಂಡಿತು.
ಹೊಸದು ಈಗ ಯಾರೂ ಮಾಡುವುದಿಲ್ಲ.
ಹುಬ್ಬಳ್ಳಿಯ ಅಂಗಡಿಯವ ಫೋಟೊ ನೋಡಿ ನಕ್ಕು
ಮ್ಯೂಸಿಯಮ್ಮಿಗೆ ಕೊಡಿ ಎಂದ.
ಮಷಿನ್ನನ್ನೋ, ನನ್ನನ್ನೋ, ಕೇಳಲಿಲ್ಲ.
ಬೇರೆ ಮಷಿನ್ ತಗೋ ಎಂದವರುಂಟು.
ನನ್ನ ಕಾಲಿಗೆ ಇದರ ಲೆಕ್ಕ ಮಾತ್ರ ಗೊತ್ತು.

ಮಾರುವವ ಕುಮಟೆಯವನಂತೆ.
ಹೆಸರಿಲ್ಲ, ಮುಖದ ಜಾಗದಲ್ಲಿ ಒಂದು ಹಿತ್ತಾಳೆ ದೀಪ,
'ಹಳೇಸಾಮಾನು ೭೧'.
ದುಡ್ಡು ಅಂದೇ ಹೋಯಿತು.
ಮರುದಿನ ಕೇಳಿದೆ: ಕಳಿಸಿದಿರಾ?
ಮೂರನೆಯ ದಿನ: ಸ್ವಾಮಿ, ಕಳಿಸಿದಿರಾ?
ಐದನೆಯ ದಿನ ಸ್ವಾಮಿ ಬಿಟ್ಟೆ.
ಒಂಬತ್ತನೆಯ ದಿನ ಮಾತನ್ನೇ ಬಿಟ್ಟು
ಬರೀ ಪ್ರಶ್ನೆಯ ಚಿಹ್ನೆ ಇಳಿಬಿಟ್ಟೆ,
ಎರೆಯಿಲ್ಲದ ಗಾಳ.

ಕೊಟ್ಟವ ಕೋಡಂಗಿ, ಇಸಕೊಂಡವ ವೀರಭದ್ರ ಅನ್ನುತ್ತಾರಲ್ಲ,
ನನ್ನ ವೀರಭದ್ರನಿಗೆ ಕತ್ತಿಯೂ ಇಲ್ಲ, ಕೋಪವೂ ಇಲ್ಲ,
ದೀಪವೊಂದು, ಅದೂ ಫೋಟೊದ್ದು, ಉರಿಯುವುದಿಲ್ಲ.
ಕುಮಟೆಗೆ ಬಸ್ಸಿನಲ್ಲಿ ಎರಡು ತಾಸು.
ಹೋಗಿ ಯಾವ ಬಾಗಿಲು ತಟ್ಟಲಿ?

ಇತ್ತ ನನ್ನ ಬಾಗಿಲು ತಟ್ಟುವವಳು ಪ್ರಮೀಳಾ ತಾಂಡೇಲ,
ಬೈತಖೋಲದ ಮೀನು ಮಾರಿ ಮುಗಿಸಿ
ಖಾಲಿ ಬುಟ್ಟಿ ಸೊಂಟಕ್ಕಿಟ್ಟು.
ಮಗಳ ನಿಶ್ಚಿತಾರ್ಥಕ್ಕೆ ರವಿಕೆ, ನಾಲ್ಕು.
ಅಳತೆ ಕೊಟ್ಟದ್ದು ಶ್ರಾವಣದಲ್ಲಿ.
ಮೊದಲು ಸೋಮವಾರ ಅಂದೆ.
ಆಮೇಲೆ, ಗುಂಡಿ ಹಚ್ಚುವುದಷ್ಟೇ ಬಾಕಿ ಅಂದೆ.
ಕರೆಂಟು ಅಂದೆ, ಬೆನ್ನುನೋವು ಅಂದೆ.
ಆಮೇಲೆ ಅವಳ ನಂಬರು ಬಂದರೆ ಫೋನು ಬೋರಲು ಹಾಕಿದೆ.
ಬಟ್ಟೆಗೆ ಇನ್ನೂ ಕತ್ತರಿ ತಾಗಿಲ್ಲ.

ಹನ್ನೊಂದನೆಯ ದಿನ ಸಂಜೆ, ಶಟರ್ ಮುಕ್ಕಾಲು ಎಳೆದು,
ದೀಪ ಆರಿಸಿ, ಮೇಜಿನ ಹಿಂದೆ ಕುಕ್ಕರುಗಾಲಲ್ಲಿ ಕೂತು
ಕುಮಟೆಗೆ ಬೈಗಳು ಟೈಪು ಮಾಡುತ್ತಿದ್ದೆ.
ನಾಚಿಕೆಯಿಲ್ಲವೇ, ನಂಬಿದವರಿಗೆ
ಅಷ್ಟಾಗಿತ್ತು.
ಶಟರಿನ ಕೆಳಗೆ ಎರಡು ಪಾದ ಬಂದು ನಿಂತವು.
ಹಿಮ್ಮಡಿಗೆ ಅಂಟಿದ ಮೀನಿನ ಹುರುಪೆ
ಬೀದಿದೀಪಕ್ಕೆ ಜರಿಯ ಚೂರಿನ ಹಾಗೆ ಮಿನುಗಿತು.
'ಫಾಲ್ಯಾ, ಫಾಲ್ಯಾ,' ಎಂದಳು ತಗಡಿಗೆ,
ನನ್ನದೇ ದನಿ ಅಣಕಿಸಿ.
'ಬಾಗಿಲ ಮೇಲೆ ನಾಳೆ ಬಾ ಅಂತ ಬರೆದರೆ
ಭೂತ ಓದಿಕೊಂಡು ತಿರುಗಿ ಹೋಗ್ತದೆ, ದತ್ತಾರಾಮ.
ನನಗೆ ಓದಲಿಕ್ಕೆ ಬರೂದಿಲ್ಲ.'

ಶಟರ್ ಎತ್ತಿದೆ.
ಕತ್ತರಿ ತಾಗಿಲ್ಲ ಎಂದೆ. ಮಷಿನ್ ಸತ್ತು ತಿಂಗಳಾಯಿತು.
ಅವಳು ಬೈಯಲಿಲ್ಲ. ಮೊದಲ ದಿನವೇ ಹೇಳಿದ್ದರೆ,
ಎಂದು ಅಷ್ಟಕ್ಕೇ ನಿಲ್ಲಿಸಿ
ನಾಲ್ಕೂ ತುಂಡು ಸೆರಗಿನಲ್ಲಿ ಸುತ್ತಿಕೊಂಡಳು.
ಮೆಟ್ಟಿಲಿಳಿದವಳಿಗೆ ಏನನ್ನಿಸಿತೋ,
ಹಸಿರು ತುಂಡು ತೆಗೆದು ಮೇಜಿನ ಮೇಲೆ ಎಸೆದಳು.
ಕೈಹೊಲಿಗೆ ಮರೆತಿಲ್ಲವಲ್ಲ?

ಬೈಗಳನ್ನು ಒಂದೊಂದೇ ಅಕ್ಷರ ಅಳಿಸಿದೆ.
ಇಲ್ಲವಾದರೆ ಇಲ್ಲ ಅನ್ನಿ, ಎಂದು ಬರೆದೆ.
ಕಳೆದಿರಬಹುದು, ತುಕ್ಕು ತಿಂದಿರಬಹುದು,
ಕೊಡಲು ಮನಸ್ಸೇ ಬಾರದಿರಬಹುದು.
ಅದನ್ನೇ ಹೇಳಿ.

ಹದಿಮೂರನೆಯ ರಾತ್ರಿ ಹಸಿರು ತೋಳಿನ ಅಂಚು ಮಡಚುತ್ತಿದ್ದೆ.
ಬಂದರಿನ ಕಡೆಯಿಂದ ಐಸ್ ಒಡೆಯುವ ಸದ್ದು.
ಫೋನು ಒಮ್ಮೆ ಅದುರಿತು.
ಹಿತ್ತಾಳೆ ದೀಪ. ಒಂದೇ ಶಬ್ದ:
ನಾಳೆ.

ಈ ಬಟ್ಟೆಯ ನೇಯ್ಗೆ ನನಗೆ ಗೊತ್ತು.
ನಲವತ್ತು ವರ್ಷ ಗಜಗಟ್ಟಲೆ ಮಾರಿದ್ದೇನೆ.
ಆದರೂ, ಇದ್ದಾನೆ ಅಂದುಕೊಂಡೆ,
ಎಲ್ಲೋ ಒಂದು ಶಟರಿನ ಹಿಂದೆ, ದೀಪ ಆರಿಸಿ,
ನನ್ನ ಪಾದ ನೋಡುತ್ತ.

ಸೂಜಿಯಲ್ಲಿ ದಾರ ಮುಗಿದಿತ್ತು.
ಇನ್ನೊಂದು ಎಳೆ ಪೋಣಿಸಿದೆ.