ಹಂಚಿನ ಬಿಸಿ

ಅಪ್ಪ ಕುಂಟ. ಮೊದಲಿಗೆ ಇಷ್ಟೇ ಗೊತ್ತು.
ಹೆತ್ತವ್ವನೇ ಮುಗಿಲ ಮೇಲಿಂದ ಎಸೆದಳಂತೆ,
ಸಮುದ್ರದಾಚೆ, ಗ್ರೀಸ್ ಅನ್ನೋ ಸೀಮೆಯಲ್ಲಿ;
ಅಲ್ಲಿಯ ದೇವರಿಗೆಲ್ಲ ಕುಲುಮೆ ಊದಿ
ಸಿಡಿಲು ಬಡಿದುಕೊಟ್ಟವನು.

ಬೀದರಿಗೆ ಯಾಕೆ ಬಂದ? ಮಣ್ಣಿಗೆ.
ಕೋಟೆಯಲ್ಲಿ ಬಿಸಿಲು ಕಾಣದ ಮೂಲೆಯ ಮಣ್ಣು
ನಾಲಿಗೆ ತುದಿಗಿಟ್ಟು, ಕಣ್ಣು ಮುಚ್ಚಿ
"ಇದೇ" ಅಂದನಂತೆ, ಅಚ್ಚ ಕನ್ನಡದಲ್ಲಿ.
ಖುದ್ದೂಸ್ ಚಾಚಾ ಇವತ್ತಿಗೂ ನಂಬುವುದಿಲ್ಲ:
"ನಲವತ್ತು ವರ್ಷ ಬೇಕು ಬೇಟಿ, ಆ ರುಚಿಗೆ."

ನನಗೆ ಹದಿನಾರು.
ಚೌಬಾರದ ಹಿಂದಿನ ಬಿದರಿ ಓಣಿಯಲ್ಲಿ
ಕರಗಿದ ಸತುವಿಗೆ ಬರಿಗೈ ಅದ್ದುತ್ತೇನೆ,
ತಣ್ಣಗೆ, ಆರಿದ ಹಾಲಿನ ಹಾಗೆ.
ಕಾಲೇಜಿನ ಹುಡುಗರು ವಿಡಿಯೋ ಮಾಡಿಕೊಂಡರು.
ಒಂಟಿಗಣ್ಣಿನ ದೈತ್ಯ ಬಂದರೂ ಬರಲಿ ಅಂತ
ಬ್ಯಾಗಿನಲ್ಲೊಂದು ಸುತ್ತಿಗೆ ಇಟ್ಟಿದ್ದೇನೆ.
ಬಂದಿಲ್ಲ. ಬಂದದ್ದು ಕರೆಂಟ್ ಬಿಲ್ಲು,
ಹೂದಾನಿ ಕೊಳ್ಳದೆ ಬರೀ ಫೋಟೊ ಹೊಡೆದು
ಚಹಾ ಕುಡಿದು ಹೋದ ಟೂರಿಸ್ಟು.

ನಿನ್ನೆ ಅವ್ವನಿಗೆ ಜ್ವರ.
ಜೋಳದ ಹಿಟ್ಟು ನಾನೇ ನಾದಿ, ತಟ್ಟಿ,
ಹಂಚಿಗೆ ಹಾಕಿ ನೀರು ಸವರುವಾಗ
ಚುರ್ ಅಂತು. ಹೆಬ್ಬೆರಳು. ಬೊಬ್ಬೆ ಎದ್ದಿತು.
ಬೆಂಕಿಗೆ ನಾನು ಚೀರಿದ್ದು
ಹುಟ್ಟಿದಾಗಿನಿಂದ ಅದೇ ಮೊದಲು.

ಕೌದಿ ಸರಿಸಿ ಅವ್ವ ಎದ್ದು ಕೂತಳು,
ಬೆರಳು ಹಿಡಿದು ಬೆಳಕಿಗೆ ತಿರುವಿ ತಿರುವಿ ನೋಡಿದಳು,
ಕೂಡಿಸಿದ ಬೆಳ್ಳಿಯೆಳೆಯನ್ನು ಚಾಚಾ ನೋಡುವ ಹಾಗೆ.
"ಇದು ಮಾತ್ರ ನಂದು" ಅಂದಳು.
ಆಮೇಲೆ,
"ಅಳಬ್ಯಾಡ. ರೊಟ್ಟಿ ಸೀಯ್ಲತ್ತದ, ಹೊಳ್ಳಿಸಿ ಹಾಕು."